ಆಲ್ಬಂ ಹೆಸರಿಗೆ ‘ಸ್ಟೈಲಿಶ್ ಫಾಂಟ್’ ಕಾಪಿ-ಪೇಸ್ಟ್: ಅದು ನಿಜಕ್ಕೂ ಫಾಂಟ್ ಹೌದೇ?

ಜಾತ್ರೆ, ಮದುವೆ, ನಾಮಕರಣದ ಫೋಟೊಗಳನ್ನು ಮೊಬೈಲ್‌ನಲ್ಲೇ ಸ್ಕ್ರಾಪ್‌ಬುಕ್ ಆಗಿ ಜೋಡಿಸುವವರು ಈಗ ಬಹಳ. ಶೀರ್ಷಿಕೆ ಅಂದವಾಗಿರಲಿ ಎಂದು ‘ಫ್ಯಾನ್ಸಿ ಟೆಕ್ಸ್ಟ್’ ತಾಣಗಳಿಂದ ಬಳುಕುವ ಇಂಗ್ಲಿಷ್ ಅಕ್ಷರಗಳನ್ನು ಕಾಪಿ ಮಾಡಿ ಅಂಟಿಸುತ್ತಾರೆ. ಹೀಗೆ ಮಾಡಿದರೆ ಫಾಂಟ್ ಬದಲಾಗುತ್ತದೆ ಎಂಬ ನಂಬಿಕೆ ಇದೆ. ಇದು ನಿಜವೇ?

ವಾಸ್ತವ ಏನು?

ಇಲ್ಲಿ ಬದಲಾಗುವುದು ಫಾಂಟ್ ಅಲ್ಲ, ಅಕ್ಷರವೇ. ಫಾಂಟ್ ಅಕ್ಷರಕ್ಕೆ ತೊಡಿಸುವ ಬಟ್ಟೆಯಂತೆ. ಬಟ್ಟೆ ಬದಲಿಸಿದರೂ ಆಳು ಅದೇ. ಆದರೆ ಈ ತಾಣಗಳು ಆಳನ್ನೇ ಬದಲಿಸುತ್ತವೆ.

ಫೋನ್ ಪ್ರತಿ ಅಕ್ಷರವನ್ನೂ ಯೂನಿಕೋಡ್ ಸಂಖ್ಯೆಯಿಂದ ಗುರುತಿಸುತ್ತದೆ. 2001ರಲ್ಲಿ ಬಂದ ಯೂನಿಕೋಡ್ 3.1 ಆವೃತ್ತಿಯಲ್ಲಿ ಗಣಿತ ಬರೆಯುವವರಿಗಾಗಿ ದಪ್ಪ, ಓರೆ, ಬಳುಕು ರೂಪದ ಸುಮಾರು 1000 ಇಂಗ್ಲಿಷ್, ಗ್ರೀಕ್ ಅಕ್ಷರ ಹಾಗೂ ಅಂಕಿಗಳನ್ನು ಸೇರಿಸಲಾಯಿತು. ‘ಫ್ಯಾನ್ಸಿ’ ಅಕ್ಷರಗಳಲ್ಲಿ ಹೆಚ್ಚಿನವು ಇವೇ.

ಕನ್ನಡದಲ್ಲಿ ಏಕೆ ಬರುವುದಿಲ್ಲ?

ಕನ್ನಡಕ್ಕೆ ಅಂಥ ಗಣಿತಾಕ್ಷರಗಳ ಗುಂಪೇ ಇಲ್ಲ. ಜೊತೆಗೆ ಗುಣಿತ, ಒತ್ತಕ್ಷರಗಳೂ ಇವೆ. ಹರಿಹರ ತಾಲ್ಲೂಕಿನ ‘ಕಡರನಾಯಕನಹಳ್ಳಿ’ ಹೆಸರನ್ನೇ ನೋಡಿ: ಕಣ್ಣಿಗೆ 9 ಅಕ್ಷರ, ಫೋನಿನ ಲೆಕ್ಕದಲ್ಲಿ 13 ಸಂಕೇತ. ‘ಳ್ಳಿ’ ಒಂದರಲ್ಲೇ ನಾಲ್ಕಿವೆ. ಒಂದರ ಜಾಗದಲ್ಲಿ ಒಂದನ್ನು ಇಡುವ ಉಪಾಯ ಇಲ್ಲಿ ನಡೆಯದು.

ತಮಾಷೆಯೆಂದರೆ, ಕನ್ನಡ ಗೊತ್ತಿಲ್ಲದವರು ನಮ್ಮ ‘ಠ’ ಅಕ್ಷರವನ್ನೇ ಅಲಂಕಾರಕ್ಕೆ ಬಳಸುತ್ತಾರೆ. ಅಸಮ್ಮತಿ ತೋರುವ ಜನಪ್ರಿಯ ಮುಖಚಿಹ್ನೆ ಠ_ಠ ಯಲ್ಲಿ ಅದು ಕಣ್ಣು!

ತೊಂದರೆ ಏನು?

ಅಂಧರ ಫೋನಿನಲ್ಲಿರುವ ಟಾಕ್‌ಬ್ಯಾಕ್‌ನಂಥ ಓದುವ ತಂತ್ರಾಂಶಗಳು ಈ ಅಕ್ಷರಗಳನ್ನು ಪದವಾಗಿ ಓದದೆ, ಒಂದೊಂದನ್ನೂ ಗಣಿತ ಚಿಹ್ನೆ ಎಂದು ಹೇಳಬಹುದು, ಇಲ್ಲವೇ ಬಿಟ್ಟೇ ಬಿಡಬಹುದು. ಮನೆಯ ಆಲ್ಬಂ ಮನೆಯವರಿಗೇ ಅರ್ಥವಾಗದು. ಕೆಲವು ಹಳೆಯ ಫೋನ್‌ಗಳಲ್ಲಿ ಖಾಲಿ ಚೌಕಗಳಷ್ಟೇ ಕಾಣುತ್ತವೆ. ಹುಡುಕಾಟದಲ್ಲೂ ಕೈಕೊಡಬಹುದು: ಹತ್ತು ವರ್ಷದ ನಂತರ ಅಜ್ಜಿಯ ಫೋಟೊಗಾಗಿ ಊರಿನ ಹೆಸರು ಟೈಪ್ ಮಾಡಿದರೆ ಆ ಆಲ್ಬಂ ಸಿಗದೆ ಹೋಗಬಹುದು.

ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ ಬರುವುದನ್ನು ಡಿಟಿಪಿ ಅಂಗಡಿಯವರು ಬಲ್ಲರು. ಪಾಠ ಒಂದೇ: ಕಣ್ಣಿಗೆ ಕಂಡ ಅಕ್ಷರವೇ ಫೋನಿನೊಳಗೂ ಇದೆ ಎನ್ನಲಾಗದು.

ಹಾಗಾದರೆ ಏನು ಮಾಡಬೇಕು?

• ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಶೀರ್ಷಿಕೆ ಟೈಪ್ ಮಾಡಿ, ಆ್ಯಪ್ ಒಳಗೇ ಫಾಂಟ್ ಆರಿಸಿ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅಕಾಯಾ ಕನಡಕ, ತಿರೋ ಕನ್ನಡ ಉಚಿತವಾಗಿವೆ. ದಾವಣಗೆರೆಯವರಿಗೆ ಇಷ್ಟವಾಗುವ ಹೆಸರಿನ ‘ಬೆಣ್ಣೆ’ ಫಾಂಟ್ ಕೂಡ ಇದೆ.
• ಅಲಂಕಾರ ಪುಟದ ಚಿತ್ರದಲ್ಲಿರಲಿ. ಆಲ್ಬಂ ಮತ್ತು ಫೈಲ್ ಹೆಸರು ಸಾದಾ ಅಕ್ಷರದಲ್ಲಿರಲಿ. ಊರು, ವರ್ಷವನ್ನೂ ಸೇರಿಸಿ.
• ವಾಟ್ಸ್‌ಆ್ಯಪ್‌ನಲ್ಲಿ ಪದದ ಎರಡೂ ಬದಿಗೆ * ಹಾಕಿದರೆ ಕನ್ನಡವೂ ದಪ್ಪಗಾಗುತ್ತದೆ.

ಒಟ್ಟಾರೆ ಹೇಳುವುದಾದರೆ, ಕಾಪಿ-ಪೇಸ್ಟ್ ‘ಸ್ಟೈಲಿಶ್ ಫಾಂಟ್’ ಫಾಂಟೇ ಅಲ್ಲ. ಒಂದು ದಿನದ ಸ್ಟೇಟಸ್‌ಗೆ ಅಡ್ಡಿಯಿಲ್ಲ ಎನಿಸಬಹುದು. ಆದರೆ ಉಳಿಸಿಕೊಳ್ಳಬೇಕಾದ ನೆನಪಿಗೆ ಸಾದಾ ಕನ್ನಡವೇ ಭದ್ರ ಎಂಬುದು ನಮ್ಮ ಸಲಹೆ.