ತೆಳುಗೋಡೆಯ ಉಕ್ಕಿನ ಕೊಳವೆಗೆ ರಾಡ್ ಬೆಸುಗೆ: ಹೊಸಗೈಯ ಕಷ್ಟ ಮತ್ತು ಶಾಖದ ಲೆಕ್ಕ

ಗೇಟು, ಕಿಟಕಿ ಗ್ರಿಲ್ಲು, ಅಂಗಡಿ ಮುಂದಿನ ಶೆಡ್ಡು, ತಳ್ಳುಗಾಡಿಯ ಚೌಕಟ್ಟು, ಮಕ್ಕಳ ಜೋಕಾಲಿ: ನಮ್ಮ ಊರುಗಳ ಫ್ಯಾಬ್ರಿಕೇಶನ್ ಅಂಗಡಿಗಳ ದಿನದ ಕೆಲಸದಲ್ಲಿ ದೊಡ್ಡ ಪಾಲು ಸ್ಕ್ವೇರ್ ಪೈಪಿನದು. ಕೆಲಸ ಕಲಿಯಲು ಬಂದ ಹುಡುಗ ಹೋಲ್ಡರು ಹಿಡಿಯುವ ಹೊತ್ತಿಗೆ ಎದುರಿಗಿರುವುದೂ ಅದೇ, 16 ಗೇಜಿನ ಪೈಪು. ಮುಂದಿನದು ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆ. ರಾಡು ಪೈಪಿಗೆ ಅಂಟಿಕೊಳ್ಳುತ್ತದೆ. ಕರೆಂಟು ಏರಿಸಿದರೆ ತೂತು ಬೀಳುತ್ತದೆ. ತೂತು ಮುಚ್ಚಲು ಹೋದರೆ ಅದು ಇನ್ನಷ್ಟು ದೊಡ್ಡದಾಗುತ್ತದೆ. ಮೇಸ್ತ್ರಿ ನೋಡಿ, ‘ಕೈ ಇನ್ನೂ ಕುದುರಿಲ್ಲ’ ಅನ್ನುತ್ತಾರೆ. ಈ ತೀರ್ಪು ಅರ್ಧ ಮಾತ್ರ ಸರಿ ಎಂಬುದು ಪ್ರಸ್ತುತ ಲೇಖನದ ವಾದ. ತೂತಿನ ಮೂಲ ಕೈನಡುಕವಲ್ಲ, ಶಾಖದ ಲೆಕ್ಕ ತಪ್ಪಿರುವುದು. ಆ ಲೆಕ್ಕವನ್ನು ಬಾಯಿಬಿಟ್ಟು ಹೇಳಿಕೊಡಬಹುದು.

ಮೊದಲು ಅಳತೆಗಳು. ಗೇಜಿನ ಸಂಖ್ಯೆ ಏರಿದಂತೆ ದಪ್ಪ ಇಳಿಯುತ್ತದೆ. 14 ಗೇಜು ಸುಮಾರು 2 ಮಿಮೀ, 16 ಗೇಜು 1.6, 18 ಗೇಜು 1.2. ರಾಡುಗಳಿಗೂ ಅಂಗಡಿಯಲ್ಲಿ ಇದೇ ಭಾಷೆ: 10 ನಂಬರ್ ರಾಡೆಂದರೆ 3.15 ಮಿಮೀ, 12 ನಂಬರ್ ಎಂದರೆ 2.5 ಮಿಮೀ. ಹೀಗಾಗಿ 16 ಗೇಜಿನ ಪೈಪನ್ನು 10 ನಂಬರ್ ರಾಡಿನಿಂದ ಬೆಸೆಯುವವನು ತನ್ನ ಕೆಲಸದ ಗೋಡೆಗಿಂತ ಎರಡು ಪಟ್ಟು ದಪ್ಪದ ಲೋಹವನ್ನು ಅದರ ಮೇಲೆ ಕರಗಿಸಿ ಸುರಿಯುತ್ತಿರುತ್ತಾನೆ. ಎಷ್ಟೋ ಕಡೆ ಹುಡುಗನ ಮೊದಲ ತೂತಿಗೆ ಇಷ್ಟೇ ಕಾರಣ ಸಾಕಾಗಿರುತ್ತದೆ. ಆದರೂ ಬೈಸಿಕೊಳ್ಳುವುದು ಅವನ ಕೈ.

ಲೋಹದ ಕಡ್ಡಿಯೇ ಕರಗಿ ಬೆಸುಗೆಯಾಗುವ ವಿಧಾನವನ್ನು ರಷ್ಯಾದ ನಿಕೊಲಾಯ್ ಸ್ಲಾವ್ಯಾನೊವ್ 1888ರಲ್ಲಿ ತೋರಿಸಿಕೊಟ್ಟ. ಬರಿಯ ಕಡ್ಡಿಯ ಬೆಸುಗೆ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಪೆಡಸಾಗುತ್ತಿತ್ತು. ಸ್ವೀಡನ್ನಿನ ಆಸ್ಕರ್ ಶೆಲ್‌ಬರಿ 20ನೆಯ ಶತಮಾನದ ಮೊದಲ ದಶಕದಲ್ಲಿ ಕಡ್ಡಿಗೆ ಖನಿಜದ ಲೇಪ ಹಚ್ಚಿ ಇದಕ್ಕೆ ದಾರಿ ಕಂಡುಕೊಂಡ. ಇಂದು ನಮ್ಮ ಅಂಗಡಿಗಳಲ್ಲಿ ಎಲ್ಲರೂ ಬಳಸುವುದು 6013 ಎಂಬ ಜಾತಿಯ ರಾಡು. ಅದರ ಲೇಪದ ಮುಖ್ಯ ದ್ರವ್ಯ ರೂಟೈಲ್, ಅಂದರೆ ಟೈಟಾನಿಯಂ ಡೈಆಕ್ಸೈಡ್; ಕೇರಳದ ಚವರದ ಕಡಲತೀರದ ಮರಳಿನಲ್ಲಿ ಸಿಗುವ ಖನಿಜ. ಈ ಲೇಪದಿಂದ ಆರ್ಕ್ ಮೃದುವಾಗಿ ಉರಿಯುತ್ತದೆ, ಸುಲಭವಾಗಿ ಮತ್ತೆ ಹೊತ್ತಿಕೊಳ್ಳುತ್ತದೆ, ಆಳಕ್ಕೆ ಕೊರೆಯುವುದಿಲ್ಲ. 6013ನ್ನು ಮೂಲತಃ ರೂಪಿಸಿದ್ದೇ ತೆಳುತಗಡಿನ ಕೆಲಸಕ್ಕೆ. ತೆಳು ಪೈಪಿಗೆ ಬೇಕಾದ ರಾಡು ಹುಡುಗನ ಕೈಯಲ್ಲಿ ಆಗಲೇ ಇದೆ. ಅದರ ಗಾತ್ರವಷ್ಟೇ ತಪ್ಪಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. 12 ನಂಬರ್ ರಾಡನ್ನು 60 ಆಂಪಿಯರ್‌ನಲ್ಲಿ ಉರಿಸಿದರೆ ಆರ್ಕಿನ ವೋಲ್ಟೇಜು ಸುಮಾರು 22. ಕೈ ನಿಮಿಷಕ್ಕೆ 150 ಮಿಮೀ ಸಾಗುತ್ತದೆ ಎಂದಿಟ್ಟುಕೊಂಡರೆ ಪ್ರತಿ ಮಿಮೀ ಉದ್ದಕ್ಕೆ ಬೀಳುವುದು 528 ಜೂಲ್. ರಾಡ್ ಬೆಸುಗೆಯಲ್ಲಿ ಇದರ ನೂರಕ್ಕೆ 80 ಪಾಲು ಲೋಹಕ್ಕೆ ತಲುಪುತ್ತದೆಂದು ಹಿಡಿಯುವುದು ರೂಢಿ. ಅಲ್ಲಿಗೆ ಸುಮಾರು 420 ಜೂಲ್ ಆಯಿತು. ಒಂದು ಘನ ಮಿಮೀ ಉಕ್ಕು ಕಾದು ಕರಗಲು 10 ಜೂಲ್‌ಗಿಂತ ತುಸು ಹೆಚ್ಚು ಸಾಕು. ತಲುಪಿದ ಶಾಖದಲ್ಲಿ ಮೂರನೆಯ ಒಂದು ಭಾಗವಷ್ಟೇ ಕರಗಿಸುವ ಕೆಲಸಕ್ಕೆ ಬಂತು, ಉಳಿದದ್ದು ಸುತ್ತ ಹರಿದುಹೋಯಿತು ಎಂದು ಅಂದಾಜಿಸಿದರೂ ಅಡ್ಡಕೊಯ್ತದಲ್ಲಿ 13 ಚದರ ಮಿಮೀ ಲೋಹ ದ್ರವವಾಗಿರುತ್ತದೆ. ಅದರಲ್ಲಿ ಅರ್ಧ ರಾಡಿನದೇ ಎಂದು ಕಳೆಯೋಣ. ಉಳಿದ ಆರೂವರೆ ಚದರ ಮಿಮೀ 10 ಮಿಮೀ ಪ್ಲೇಟಿನಲ್ಲಾದರೆ 2 ಮಿಮೀ ಆಳದ ಒಂದು ಅರ್ಧವೃತ್ತ; ಅದರ ಕೆಳಗೆ 8 ಮಿಮೀ ಗಟ್ಟಿ ನೆಲ. ಅದೇ 1.6 ಮಿಮೀ ಗೋಡೆಯಲ್ಲಾದರೆ 4 ಮಿಮೀ ಅಗಲಕ್ಕೆ ಗೋಡೆ ಪೂರ್ತಿ ದಪ್ಪಕ್ಕೆ ನೀರಾಗಿದೆ. ಅದರ ಕೆಳಗೆ ಪೈಪಿನ ಖಾಲಿ ಹೊಟ್ಟೆ. ಆ ಲೋಹದ ಮಡುವನ್ನು ಎತ್ತಿ ಹಿಡಿದಿರುವುದು ಅದರ ಮೇಲ್ಮೈ ಎಳೆತ ಮಾತ್ರ. ಕರೆಂಟು 90ಕ್ಕೆ ಏರಿದರೆ ಇದೇ ಲೆಕ್ಕದಲ್ಲಿ ಮಡುವಿನ ಅಗಲ 6 ಮಿಮೀ ಹತ್ತಿರ ಹೋಗುತ್ತದೆ. ಕೈ ಅರ್ಧ ವೇಗಕ್ಕೆ ಇಳಿದರೆ 60 ಆಂಪಿಯರ್‌ನಲ್ಲೇ ಅದು ಇಮ್ಮಡಿಯಾಗುತ್ತದೆ. ಎಳೆತ ಸೋತ ಕ್ಷಣ ಅಂಚುಗಳು ಹಿಂದಕ್ಕೆ ಸರಿದು ತೂತು ತೆರೆದುಕೊಳ್ಳುತ್ತದೆ.

ತಣಿಯುವುದರ ಲೆಕ್ಕ ಇದಕ್ಕಿಂತ ಕಠಿಣ. ಚಲಿಸುವ ಶಾಖಮೂಲದಿಂದ ಲೋಹದಲ್ಲಿ ಉಷ್ಣ ಹೇಗೆ ಹರಡುತ್ತದೆಂಬುದಕ್ಕೆ 1940ರ ದಶಕದಲ್ಲಿ ಡೇನಿಯಲ್ ರೊಸೆಂಥಾಲ್ ಪ್ರಕಟಿಸಿದ ಸಮೀಕರಣಗಳು ದಪ್ಪ ಫಲಕವನ್ನೂ ತೆಳು ಫಲಕವನ್ನೂ ಬೇರೆಬೇರೆಯಾಗಿ ನೋಡುತ್ತವೆ. ದಪ್ಪದಲ್ಲಿ ಶಾಖ ಕೆಳಕ್ಕೂ ಅಕ್ಕಪಕ್ಕಕ್ಕೂ ಹರಿಯುತ್ತದೆ, ತೆಳುವಿನಲ್ಲಿ ಅಕ್ಕಪಕ್ಕಕ್ಕೆ ಮಾತ್ರ. ತೆಳು ಫಲಕದಲ್ಲಿ ತಣಿಯುವ ವೇಗ ದಪ್ಪದ ವರ್ಗಕ್ಕೆ ಅನುಗುಣ: ಗೋಡೆ ಅರ್ಧವಾದರೆ ವೇಗ ಕಾಲಾಗುತ್ತದೆ. ಇನ್ನೊಂದು ಅಂಶವೂ ಇದೆ. ಸುತ್ತಲ ಲೋಹದ ಬಿಸಿಗೂ ಬೆಸುಗೆಯ ಬಿಸಿಗೂ ಇರುವ ಅಂತರದ ಘನಕ್ಕೆ ಈ ವೇಗ ಅನುಗುಣವಾಗಿರುತ್ತದೆ. ಪೈಪು 30 ಡಿಗ್ರಿಯಲ್ಲಿದ್ದಾಗ 550 ಡಿಗ್ರಿಯ ಬೆಸುಗೆ ತಣಿಯುವ ವೇಗಕ್ಕೆ ಹೋಲಿಸಿದರೆ, ಪೈಪು 200 ಡಿಗ್ರಿಗೆ ಕಾದ ಮೇಲೆ ಅದು ಮೂರನೆಯ ಒಂದಕ್ಕಿಂತ ಕಡಿಮೆ. ಮೊದಲ ಟ್ಯಾಕು (ಚುಕ್ಕಿ ಬೆಸುಗೆ) ಚೆನ್ನಾಗಿ ಕೂತು, ಅದೇ ಕರೆಂಟು ಅದೇ ಕೈಯಲ್ಲಿ ನಾಲ್ಕನೆಯದು ತೂತಾಗುವುದಕ್ಕೆ ಕಾರಣ ಇಲ್ಲಿದೆ. ಹುಡುಗ ಏನೂ ಬದಲಿಸಿರುವುದಿಲ್ಲ; ಬದಲಾದದ್ದು ಪೈಪು.

ಆದರೆ ಕೈಯ ಪಾಲೂ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಹೊಸಬನನ್ನು ಎರಡು ಭಯ ಎರಡು ಕಡೆಗೆ ಎಳೆಯುತ್ತವೆ. ರಾಡು ಅಂಟಿಕೊಂಡೀತೆಂಬ ಭಯಕ್ಕೆ ಅವನು ಅದನ್ನು ಮೇಲಕ್ಕೆತ್ತುತ್ತಾನೆ. ರಾಡ್ ಬೆಸುಗೆಯ ಯಂತ್ರಗಳು ಕರೆಂಟನ್ನು ಹೆಚ್ಚುಕಡಿಮೆ ಸ್ಥಿರವಾಗಿಡುವಂಥವು. ಆರ್ಕ್ ಉದ್ದವಾದಂತೆ ವೋಲ್ಟೇಜು ಏರುತ್ತದೆ, ಒಟ್ಟು ಶಾಖವೂ ಏರುತ್ತದೆ, ಅದು ಅಗಲಕ್ಕೆ ಚದುರುತ್ತದೆ. ತೂತು ಬಿದ್ದೀತೆಂಬ ಭಯಕ್ಕೆ ಕರೆಂಟು ಇಳಿಸುತ್ತಾನೆ; ಆಗ ರಾಡು ಇನ್ನೂ ಬೇಗ ಅಂಟುತ್ತದೆ, ಅವನು ಇನ್ನೂ ಎತ್ತುತ್ತಾನೆ. ಒಂದೂವರೆ ಗೇಣುದ್ದದ ರಾಡಿನ ತುದಿಯನ್ನು ಎರಡು ಮಿಮೀ ಅಂತರದಲ್ಲಿ ನಿಲ್ಲಿಸುವುದು ಕಷ್ಟವೇ. ಎಡಗೈಯನ್ನು ಒಣ ಚರ್ಮದ ಗ್ಲೌಸಿನೊಳಗೆ ಆಸರೆಯಾಗಿಟ್ಟು, ಮೊಣಕೈ ಮೇಜಿಗೆ ಊರಿ, ಅರ್ಧ ಉರಿದ ರಾಡಿನಲ್ಲಿ ಮೊದಲ ಅಭ್ಯಾಸ ಮಾಡಿಸುವ ಮೇಸ್ತ್ರಿಗಳಿದ್ದಾರೆ. ಅರ್ಧ ರಾಡೆಂದರೆ ಅರ್ಧ ನಡುಕ. ಆ ಉಪಾಯ ಎಲ್ಲ ಕಡೆ ಹಬ್ಬಬೇಕು.

ಕೂಡಿಕೆಯ ಆಕಾರವೂ ತೂತಿನ ಜಾಗವನ್ನು ಮೊದಲೇ ಗುರುತುಹಾಕಿರುತ್ತದೆ. ಒಂದು ಪೈಪಿನ ತುದಿ ಇನ್ನೊಂದರ ಮೈಗೆ ಬಂದು ನಿಂತಾಗ, ತುದಿಯ ಅಂಚಿನಿಂದ ಶಾಖ ಒಂದೇ ದಿಕ್ಕಿಗೆ ಹರಿಯಬಲ್ಲದು, ಮೈಯಿಂದ ಎರಡೂ ದಿಕ್ಕಿಗೆ. ಹಾಗಾಗಿ ಆರ್ಕನ್ನು ಮೈಯ ಮೇಲೆ ಹೊತ್ತಿಸಿ, ಮಡು ತುಂಬಿದ ಮೇಲೆ ಅಂಚಿಗೆ ಮುಟ್ಟಿಸಿ ಹಿಂದಕ್ಕೆ ತರಬೇಕು. ಅಂಚಿನ ಮೇಲೆ ಹೊತ್ತಿಸಿದವನು ಅಂಚನ್ನೇ ಕಳೆದುಕೊಳ್ಳುತ್ತಾನೆ. ಒಂದೇ ಅಳತೆಯ ಎರಡು ಸ್ಕ್ವೇರ್ ಪೈಪುಗಳು ಸೇರುವಲ್ಲಿ ಇನ್ನೊಂದು ತೊಡಕಿದೆ. ಪೈಪಿನ ಮೂಲೆಗಳು ಚೂಪಲ್ಲ, ಗುಂಡಗೆ ಬಾಗಿರುತ್ತವೆ. ಆ ಬಾಗಿನ ಹೊರತ್ರಿಜ್ಯ ಸಾಮಾನ್ಯವಾಗಿ ಗೋಡೆಯ ದಪ್ಪದ ಎರಡು ಪಟ್ಟಿನ ಆಸುಪಾಸು. ಆದ್ದರಿಂದ ಪಕ್ಕದ ಎರಡು ಮುಖಗಳಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಒಂದು ಸಂದು ಉಳಿಯುತ್ತದೆ. ಪೈಪಿನ ತುದಿಯನ್ನು ಅರದಿಂದ ಆ ಬಾಗಿಗೆ ಹೊಂದುವಂತೆ ಉಜ್ಜಿ ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ಸಂದನ್ನು ರಾಡಿನಿಂದ ತುಂಬುತ್ತೇನೆಂಬ ಧೈರ್ಯ ಅನುಭವಿಗಳಿಗೆ ಇರಲಿ.

ಬೆಸುಗೆಯ ಲಯಕ್ಕೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಹದ. ಬೆಲ್ಲದ ಪಾಕ ನೋಡುವವರು, ಕುಲುಮೆಯ ಕಬ್ಬಿಣ ನೋಡುವ ಕಮ್ಮಾರರು ಬಣ್ಣ ಕಂಡು ಕೈ ತಡೆಯುತ್ತಾರೆ. ತೆಳು ಪೈಪಿನಲ್ಲೂ ಅದೇ. ಉದ್ದ ಬೀಡನ್ನು, ಅಂದರೆ ಬೆಸುಗೆಯ ಸಾಲನ್ನು, ಒಂದೇ ಉಸಿರಿಗೆ ಎಳೆಯುವಂತಿಲ್ಲ. ಮಡು ಅಗಲವಾಗಿ ನಡುವೆ ತಗ್ಗತೊಡಗಿದ ಕೂಡಲೇ ರಾಡು ಎತ್ತಬೇಕು. ಕಪ್ಪು ಗಾಜಿನ ಹಿಂದೆ ಆ ಹೊಳೆಯುವ ಚುಕ್ಕಿ ಕುಗ್ಗಿ ಮಾಯವಾಗುವುದನ್ನು ನೋಡಿ ಮುಂದಿನ ಹೊಲಿಗೆ ಹಾಕಬೇಕು. ಘನ ವಸ್ತುಗಳು ಬರಿಗಣ್ಣಿಗೆ ಕೆಂಪಗೆ ಕಾಣತೊಡಗುವುದು ಸುಮಾರು 525 ಡಿಗ್ರಿಯಲ್ಲೆಂದು ಜಾನ್ ವಿಲಿಯಂ ಡ್ರೇಪರ್ 1847ರಲ್ಲಿ ತೋರಿಸಿದ. ಗಾಜು ಸರಿಸಿ ನೋಡಿದಾಗಲೂ ಕೆಂಪು ಉಳಿದಿದ್ದರೆ ಪೈಪು ಇನ್ನೂ ಅದಕ್ಕಿಂತ ಮೇಲಿದೆ. ಎರಡು ಮೂರು ಹೊಲಿಗೆಯಾದ ಮೇಲೆ ಎದುರಿನ ಮುಖಕ್ಕೆ ಹೋಗುವುದರಿಂದ ಎರಡು ಲಾಭ: ಬಿಸಿ ಹಂಚಿಹೋಗುತ್ತದೆ, ಚೌಕಟ್ಟು ಒಂದೇ ಕಡೆಗೆ ಎಳೆಯುವುದಿಲ್ಲ. ಆದರೆ ಕಡಿದು ಕಡಿದು ಹಾಕುವ ಈ ಪದ್ಧತಿಯಲ್ಲಿ ಹೊಲಿಗೆಗಳ ನಡುವೆ ಕಿಟ್ಟ ಸಿಕ್ಕಿಕೊಳ್ಳುವ ಅಪಾಯವಿದೆ. ಪೂರ್ತಿ ತಣಿಯಲು ಬಿಟ್ಟಾಗಲೆಲ್ಲ ಸುತ್ತಿಗೆಯಿಂದ ಕಿಟ್ಟ ಉದುರಿಸಿ, ಬ್ರಶ್ಶು ಹೊಡೆದೇ ಮುಂದುವರಿಯಬೇಕು. ನಿಂತ ಪೈಪಿಗೆ ಮೇಲಿನಿಂದ ಕೆಳಕ್ಕೆ ಎಳೆಯುವುದು ಮೇಲು. ಕೈ ಬೇಗ ಸಾಗುತ್ತದೆ, ಶಾಖ ಆಳಕ್ಕಿಳಿಯುವುದಿಲ್ಲ.

ಇನ್ವರ್ಟರ್ ಯಂತ್ರ ಬಂದ ಮೇಲೆ ಹೊಸಬರ ಪಾಡು ಹಗುರವಾಗಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರದ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಕಡಿಮೆ ಕರೆಂಟಿನಲ್ಲಿ ಆರ್ಕ್ ಆರಿಹೋಗುವುದು ಸಹಜ. ಇನ್ವರ್ಟರಿನ ಡಿಸಿಯಲ್ಲಿ ಆ ತೊಂದರೆಯಿಲ್ಲ. 6013 ರಾಡನ್ನು ಋಣ ತುದಿಗೆ ಕೊಟ್ಟರೆ ಕೊರೆತ ಇನ್ನೂ ಕಡಿಮೆ. ಒಂದು ಎಚ್ಚರಿಕೆ: ಹಾಟ್ ಸ್ಟಾರ್ಟ್ ಎಂಬ ಸೌಲಭ್ಯ ಮೊದಲ ಕ್ಷಣಕ್ಕೆ ಹೆಚ್ಚು ಕರೆಂಟು ಕೊಡುತ್ತದೆ, ತೆಳು ಪೈಪಿಗೆ ಅದನ್ನು ಸೊನ್ನೆಗಿಳಿಸಬೇಕು.

ತೂತಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ತೂತಿಲ್ಲದ ಕೆಟ್ಟ ಬೆಸುಗೆ. ಹೆದರಿದ ಕೈ ಕರೆಂಟು ಇಳಿಸಿ ಎತ್ತರದ ಬೀಡು ಕೂರಿಸುತ್ತದೆ. ಕೆಳಗಿನ ಲೋಹ ಕರಗಿಯೇ ಇರುವುದಿಲ್ಲ. ಮೇಲೆ ಗ್ರೈಂಡರು ಓಡಿಸಿ ನುಣ್ಣಗೆ ಮಾಡಿ ಬಣ್ಣ ಬಳಿದರೆ ಗಿರಾಕಿ ಮೆಚ್ಚಿಕೊಳ್ಳುತ್ತಾನೆ. ಹಾಗೆ ಸವರಿಹೋದದ್ದು ಆ ಕೂಡಿಕೆಯಲ್ಲಿದ್ದ ಅಷ್ಟಿಷ್ಟು ಬಲವೇ. ಜೋಕಾಲಿಯ ಕಂಬ, ಮಹಡಿಯ ಕಟಕಟೆ ಇಂಥ ಬೆಸುಗೆಯ ಮೇಲೆ ನಿಲ್ಲಬಾರದು. ಅಮೆರಿಕದ ವೆಲ್ಡಿಂಗ್ ಸೊಸೈಟಿ ದಪ್ಪ ಉಕ್ಕಿನ ರಚನೆಗಳಿಗೆ ಡಿ1.1 ಎಂಬ ಸಂಹಿತೆಯನ್ನೂ ತೆಳು ಉಕ್ಕಿಗೆ ಡಿ1.3 ಎಂಬ ಬೇರೆಯದನ್ನೂ ಇಟ್ಟಿದೆ. 3 ಮಿಮೀಗಿಂತ ತೆಳುವಾದದ್ದನ್ನು ಮೊದಲನೆಯದು ಒಳಗೊಳ್ಳುವುದೇ ಇಲ್ಲ. 18 ಗೇಜಿಗಿಂತ ತೆಳುವಾದ ಪೈಪನ್ನು ಹೊಸಬರು ರಾಡಿನಿಂದ ಬೆಸೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಮಿಗ್ ಯಂತ್ರದ ಕೆಲಸ.

ದೇಹದ ವಿಷಯ ಹೇಳದೆ ಮುಂದೆ ಹೋಗಲಾರೆ. ಜಿಐ ಪೈಪಿನ ಸತು 907 ಡಿಗ್ರಿಯಲ್ಲೇ ಕುದಿಯುತ್ತದೆ. ಉಕ್ಕು ಕರಗುವುದು 1500ರ ಹತ್ತಿರ. ಹೀಗಾಗಿ ಬೆಸುಗೆ ಕೂರುವ ಮೊದಲೇ ಬಿಳಿ ಹೊಗೆ ಏಳುತ್ತದೆ, ಉಸಿರಾಡಿದವನಿಗೆ ಆ ರಾತ್ರಿ ಚಳಿಜ್ವರ. ಕೂಡಿಕೆಯ ಸುತ್ತ ಸತುವನ್ನು ಮೊದಲೇ ಉಜ್ಜಿ ತೆಗೆಯಬೇಕು, ಉಜ್ಜುವಾಗಲೂ ಮಾಸ್ಕ್ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಬೆಸುಗೆಯ ಹೊಗೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಎರಡೂ ಕಡೆ ಮುಚ್ಚಿದ ಪೈಪಿನೊಳಗಿನ ಗಾಳಿ ಕಾದು ಹಿಗ್ಗಿ ಕೊನೆಯ ಹೊಲಿಗೆಯನ್ನು ಒಳಗಿನಿಂದ ಊದಿ ಒಡೆಯುತ್ತದೆ. ಮರೆಯಲ್ಲೊಂದು ಸಣ್ಣ ರಂಧ್ರ ಕೊರೆದಿಟ್ಟರೆ ಸಾಕು. ಕಪ್ಪು ಗಾಜಿಲ್ಲದೆ ಟ್ಯಾಕು ಹಾಕುವ ಹುಡುಗರನ್ನು ಇಂದಿಗೂ ನೋಡುತ್ತೇವೆ. ಅದನ್ನು ನೋಡಿಯೂ ಸುಮ್ಮನಿರುವ ಮಾಲೀಕರು ತಪ್ಪಿತಸ್ಥರು.

ಐಟಿಐ ವೆಲ್ಡರ್ ಟ್ರೇಡಿನಲ್ಲಿ ಆರ್ಕ್ ಬೆಸುಗೆಯ ಅಭ್ಯಾಸ 10 ಮಿಮೀ ಪ್ಲೇಟಿನ ಮೇಲೆ ನೇರ ಬೀಡು ಎಳೆಯುವುದರಿಂದ ಶುರುವಾಗುತ್ತದೆ. ಕೈ ಸ್ಥಿರವಾಗಲು ಅದು ಬೇಕು. ಆದರೆ ಪ್ಲೇಟು ತಪ್ಪನ್ನು ಕ್ಷಮಿಸುತ್ತದೆ. ಅದರ ಮೇಲೆ ನಿಧಾನಿಸಿದರೆ ಬೀಡು ದಪ್ಪವಾಗುತ್ತದೆ, ಅಷ್ಟೆ. ನಿಲ್ಲಿಸುವ ಹೊತ್ತನ್ನು ಅದು ಕಲಿಸುವುದಿಲ್ಲ, ಅಂಗಡಿಯಲ್ಲಿ ಮೊದಲ ದಿನ ಬೇಕಾಗುವುದು ಅದೇ. ತರಬೇತಿ ಕೊಡುವ ಶಿಕ್ಷಕರಲ್ಲಿ, ಅಂಗಡಿಯ ಮೇಸ್ತ್ರಿಗಳಲ್ಲಿ ನನ್ನ ಕೋರಿಕೆ ಇಷ್ಟು: ಮೊದಲ ವಾರಗಳಲ್ಲೇ ಕಲಿಯುವವರ ಕೈಗೆ 16 ಗೇಜಿನ ತುಂಡು ಪೈಪು, 12 ನಂಬರ್ ರಾಡು ಕೊಡಿ. 60 ಆಂಪಿಯರ್‌ನಿಂದ ಶುರುಮಾಡಿಸಿ, ತೂತು ಬೀಳಲು ಬಿಡಿ, ಎಷ್ಟನೆಯ ಹೊಲಿಗೆಯಲ್ಲಿ ಬಿತ್ತೆಂದು ಬರೆಸಿ. ನಂತರ ಪ್ರತಿಯೊಂದು ಕೂಡಿಕೆಯನ್ನೂ ಹ್ಯಾಕ್ಸಾದಿಂದ ಅಡ್ಡ ಕೊಯ್ಯಿಸಿ, ಒಳಗಿನ ಮುಖವನ್ನು ಅವರ ಕಣ್ಣಿಗೇ ತೋರಿಸಿ.