ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಆಯಿಲ್ ಒತ್ತಡದ ಪರೀಕ್ಷೆ

ಆಯಿಲ್ ಒತ್ತಡ ಕುಸಿದ ಎಂಜಿನ್ನಿನ ಬೇರಿಂಗ್ ಹಾಗೂ ಕ್ರ್ಯಾಂಕ್‌ಶಾಫ್ಟ್ ಕೆಲವೇ ನಿಮಿಷಗಳಲ್ಲಿ ಹಾಳಾಗಬಲ್ಲವು. ಉಳುಮೆಯ ನಡುವೆ ಗೇಜಿನ ಮುಳ್ಳು ಕೆಂಪು ಭಾಗಕ್ಕೆ ಇಳಿದರೆ ಎಂಜಿನ್ ಅನ್ನು ತಕ್ಷಣ ನಿಲ್ಲಿಸಿರಿ. ಆದರೆ ಎಂಜಿನ್ ಬಿಚ್ಚಿಸುವ ಮುನ್ನ ಈ ಕ್ರಮಗಳನ್ನು ಅನುಸರಿಸಿರಿ.

1. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, 10 ನಿಮಿಷಗಳ ಬಳಿಕ ಡಿಪ್‌ಸ್ಟಿಕ್‌ನಿಂದ ಆಯಿಲ್ ಮಟ್ಟ ನೋಡಿರಿ. ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ ಎಂದು ತಿಳಿಯಿರಿ. ಸೋರಿಕೆಯನ್ನು ಸರಿಪಡಿಸಿ ಆಯಿಲ್ ಬದಲಿಸಿರಿ.

2. ಹಳೆಯ ಗೇಜ್ ತಪ್ಪು ತೋರಿಸುವುದುಂಟು. ಅದರ ಸಂಪರ್ಕವಿರುವ ಜಾಗಕ್ಕೆ ಮೆಕ್ಯಾನಿಕ್‌ರಿಂದ ಪರೀಕ್ಷಾ ಗೇಜ್ ಜೋಡಿಸಿರಿ.

3. ಎಂಜಿನ್ ಚಾಲೂ ಮಾಡಿದ 10–15 ಸೆಕೆಂಡುಗಳಲ್ಲಿ ಒತ್ತಡ ಬಾರದಿದ್ದರೆ ನಿಲ್ಲಿಸಿರಿ. ಬಂದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಧಾನ ಹಾಗೂ ಪೂರ್ಣ ವೇಗಗಳೆರಡರಲ್ಲೂ ಅಳೆದು, ಕೈಪಿಡಿಯ ಅಂಕಿಗಳೊಂದಿಗೆ ಹೋಲಿಸಿರಿ. ಕೈಪಿಡಿ ಇಲ್ಲದಿದ್ದಲ್ಲಿ, ಪ್ರತಿ 1000 ಸುತ್ತಿಗೆ ಸುಮಾರು 10 ಪಿಎಸ್‌ಐ ಎಂಬುದು ಸ್ಥೂಲ ಅಂದಾಜು.

4. ಬಿಸಿಯಾದಾಗ ಮಾತ್ರ ಒತ್ತಡ ಇಳಿದರೆ ತೆಳುವಾದ ಆಯಿಲ್, ಸವೆದ ಬೇರಿಂಗ್ ಅಥವಾ ಪಂಪ್ ಕಾರಣವಿರಬಹುದು. ತಣ್ಣಗಿದ್ದಾಗಲೂ ಕಡಿಮೆಯಿದ್ದರೆ ರಿಲೀಫ್ ವಾಲ್ವ್ ಹಾಗೂ ಚೇಂಬರಿನ ಜಾಲರಿಯನ್ನು ಮೊದಲು ಪರೀಕ್ಷಿಸಿರಿ. ಇವುಗಳ ದುರಸ್ತಿಗೆ ಖರ್ಚು ಕಡಿಮೆ.

ಎಚ್ಚರಿಕೆ: ಗಟ್ಟಿ ಆಯಿಲ್ ಹಾಕಿದರೆ ಮುಳ್ಳು ಮೇಲೇರುತ್ತದೆ, ಸವೆತ ನಿಲ್ಲುವುದಿಲ್ಲ.