ಪಾಲಿಪ್ ಛೇದನ, ರೋಬಾಟ್ ನೆರವಿನ
ದೊಡ್ಡ ಕರುಳಿನ ಒಳಗೋಡೆಯ ಗಂಟುಗಳನ್ನು (ಪಾಲಿಪ್) ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪ್ (ದೊಡ್ಡ ಕರುಳಿನೊಳಗೆ ತೂರಿಸುವ ಎಂಡೋಸ್ಕೋಪ್ ನಳಿಕೆ) ಮೂಲಕವೇ ತೆಗೆಯುವ ವಿಧಾನ. ಕೆಲವು ಪಾಲಿಪ್‌ಗಳು ವರ್ಷಗಳ ಮೇಲೆ ಕ್ಯಾನ್ಸರ್ ಆಗಬಲ್ಲವು. ಸಣ್ಣವಕ್ಕೆ ತಂತಿಯ ಕುಣಿಕೆ ಸಾಕು. 1969ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯ ಹಿರೋಮಿ ಶಿನ್ಯಾ ಈ ಕುಣಿಕೆಯನ್ನು ಬಳಸಿದರು. 2 ಸೆಂ.ಮೀ. ಮೀರಿದ ಚಪ್ಪಟೆ ಗಂಟನ್ನು ಇಡಿಯಾಗಿ ಬಿಡಿಸುವುದೇ ಕಷ್ಟ: ಕರುಳಿನ ಗೋಡೆ ತೆಳು, ತೂತಾದೀತು. ಸಿಂಗಪುರದ ‘ಮಾಸ್ಟರ್’ ರೋಬಾಟ್ ಎಂಡೋಸ್ಕೋಪಿನ ತುದಿಗೆ ಎರಡು ಕೈ ಕೊಟ್ಟಿತು. ಒಂದು ಕೈ ಗಂಟನ್ನು ಎತ್ತಿ ಹಿಡಿದರೆ ಇನ್ನೊಂದು ಬುಡ ಬಿಡಿಸುತ್ತದೆ. ಹೈದರಾಬಾದಿನ ಡಾ. ಡಿ. ನಾಗೇಶ್ವರ ರೆಡ್ಡಿಯವರೂ ಪಾಲ್ಗೊಂಡ ಅದರ ಮೊದಲ ಮಾನವ ಪ್ರಯೋಗ (ಪ್ರಕಟಣೆ 2012) ನಡೆದದ್ದು ಐವರ ಮೇಲೆ, ಅದೂ ಕರುಳಿನಲ್ಲಲ್ಲ, ಜಠರದಲ್ಲಿ.

ಕೊಲೊನೋಸ್ಕೋಪ್ ಚಿಕಿತ್ಸೆಗೆ ಮಲೆನಾಡಿನ ಮೂಡಿಗೆರೆ, ಕಳಸದವರು ಘಟ್ಟ ಇಳಿದು ಮಂಗಳೂರು, ಮಣಿಪಾಲಕ್ಕೆ ಹೋಗುವುದುಂಟು. ಮೊದಲು ಭೇದಿ ಔಷಧ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು. ಆದ್ದರಿಂದ ಹಿಂದಿನ ದಿನವೇ ಘಟ್ಟ ಇಳಿದು ಉಳಿಯುವುದು ಲೇಸು.